ಅಂಗಳ ಮುಚ್ಚಿದವರ ಋಣ

ಲಾಕ್‌ಡೌನ್ ಎಂಬುದು ಎಲ್ಲರ ಜೀವ ಉಳಿಸಲೆಂದು ಕೆಲವರ ದುಡಿಮೆಯನ್ನು ನಿಲ್ಲಿಸುವ ಆಜ್ಞೆ. ಮನೆಯೊಳಗೆ ಕೂತು ಕೆಲಸ ಮಾಡಬಲ್ಲವರ ಸಂಬಳ ಅದರಿಂದ ನಿಲ್ಲುವುದಿಲ್ಲ; ಬೀದಿಯಲ್ಲಿ ನಿಂತು ಮಾರುವವರ ಗಳಿಕೆ ಮಾತ್ರ ಆ ಗಳಿಗೆಗೇ ನಿಂತುಹೋಗುತ್ತದೆ. ಕರ್ನಾಟಕದ ಹೂವಿನವರು, ತಳ್ಳುಗಾಡಿಯವರು, ಕ್ಷೌರದ ಅಂಗಡಿಯವರು, ದರ್ಜಿಗಳು, ಟೀ ಅಂಗಡಿಯವರು 2020 ಮತ್ತು 2021ರಲ್ಲಿ ಎರಡು ಸಲ ಈ ಆಜ್ಞೆಗೆ ತಲೆಬಾಗಿದರು. ಇದನ್ನು ನಷ್ಟದ ಲೆಕ್ಕವಾಗಿ ನೋಡುವುದು ವಾಡಿಕೆ. ಆದರೆ ದುಡಿಮೆಯನ್ನು ಪೂಜೆಗೆ ಸಮನೆಂದು ಕಂಡ ಶರಣರ ನೆಲದಲ್ಲಿ ಇದು ಧರ್ಮದ ಪ್ರಶ್ನೆಯೂ ಹೌದು. ಸಮಾಜ ತನ್ನ ಕ್ಷೇಮಕ್ಕಾಗಿ ಒಬ್ಬರ ಕಾಯಕವನ್ನು ನಿಲ್ಲಿಸಿದರೆ, ಆ ಮೇಲೆ ಅವರ ಕೈಗೆ ಕೊಡುವುದು ದಾನವೋ, ಸಾಲವೋ, ಅಥವಾ ತೀರಿಸಲೇಬೇಕಾದ ಋಣವೋ?

ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯ ವೃದ್ಧರೊಬ್ಬರದು, 2020ರ ಮಾರ್ಚ್ 10ರಂದು. ಮಾರ್ಚ್ 14ರಿಂದ ರಾಜ್ಯದಲ್ಲಿ ಮಾಲ್ ಮತ್ತು ಚಿತ್ರಮಂದಿರಗಳು ಮುಚ್ಚಿದವು. 22ರಂದು ಜನತಾ ಕರ್ಫ್ಯೂ ಆಯಿತು. ಅದರ ಬೆನ್ನಿಗೇ ರಾಜ್ಯ ಸರ್ಕಾರ ತಿಂಗಳ ಕೊನೆಯವರೆಗೆ ನಿರ್ಬಂಧ ಘೋಷಿಸಿತು. 24ರ ರಾತ್ರಿ 8 ಗಂಟೆಗೆ ಪ್ರಧಾನಿಯ ಭಾಷಣ ಬಂತು: ಅದೇ ಮಧ್ಯರಾತ್ರಿಯಿಂದ ಇಡೀ ದೇಶಕ್ಕೆ 21 ದಿನಗಳ ಲಾಕ್‌ಡೌನ್. ಭಾಷಣಕ್ಕೂ ಬಾಗಿಲು ಹಾಕುವುದಕ್ಕೂ ನಡುವೆ ಇದ್ದದ್ದು ನಾಲ್ಕು ಗಂಟೆ. ಮಾರನೆಯ ಬೆಳಗು ಯುಗಾದಿ, ಶಾರ್ವರಿ ಸಂವತ್ಸರದ ಮೊದಲ ದಿನ.

ಹೂವಿನವರಿಗೆ ಯುಗಾದಿ ದೊಡ್ಡ ವ್ಯಾಪಾರದ ಹಬ್ಬ. ಹಿಂದಿನ ದಿನವೇ ಕೈಗಡ ಮಾಡಿ ಸೇವಂತಿಗೆ, ಕನಕಾಂಬರ, ಮಾವಿನ ಸೊಪ್ಪು, ಬೇವಿನ ಗೊಂಚಲು ತಂದಿಟ್ಟುಕೊಳ್ಳುತ್ತಾರೆ. ಅಕ್ಕಿ ಮೂಟೆಯನ್ನು ಮೂಲೆಗೆ ಸರಿಸಿ ಕಾಯಬಹುದು, ಹೂವನ್ನು ಕಾಯಲಾಗದು. ಒದ್ದೆ ಬಟ್ಟೆ ಹೊದಿಸಿದ ಬುಟ್ಟಿಯೊಳಗೆ ಮಲ್ಲಿಗೆ ಮೊಗ್ಗು ರಾತ್ರಿಯಿಡೀ ಬಿರಿಯುತ್ತದೆ. ಬೆಳಗಾಗುವಾಗ ಎಸಳಿನ ಅಂಚು ಕಂದುತ್ತದೆ, ಮಧ್ಯಾಹ್ನಕ್ಕೆ ಹೂ ದಾರದಿಂದ ಕಳಚಿ ಬುಟ್ಟಿಯ ತಳ ಸೇರುತ್ತದೆ. ಮೊಳ ಹಾಕುವವರಿಲ್ಲದೆ ಬುಟ್ಟಿಯಲ್ಲೇ ಉಳಿದ ಹೂವೆಂದರೆ ಹೋದ ಲಾಭವಷ್ಟೇ ಅಲ್ಲ, ಸಾಲದ ಅಸಲೂ ಅದರೊಡನೆ ಹೋದಂತೆ.

ಬೀದಿ ವ್ಯಾಪಾರದ ಬಂಡವಾಳಕ್ಕೆ ಒಂದೇ ದಿನದ ಆಯುಸ್ಸು. ಬೆಳಗ್ಗೆ ಒಂಬೈನೂರು ರೂಪಾಯಿ ಕೈಗೆ ಪಡೆದು ಸಂಜೆ ಸಾವಿರ ಮರಳಿಸುವ ದಿನದ ಬಡ್ಡಿ ಮಾರುಕಟ್ಟೆಗಳಲ್ಲಿ ಹಳೆಯ ರೂಢಿ. ಅದರಿಂದ ಇವರನ್ನು ಬಿಡಿಸಲೆಂದೇ ಕರ್ನಾಟಕ ಸರ್ಕಾರ 2018ರಲ್ಲಿ ಬಡ್ಡಿಯಿಲ್ಲದ ‘ಬಡವರ ಬಂಧು’ ಕಿರುಸಾಲವನ್ನು ತಂದಿತ್ತು. ಬೆಳಗಿನ ಸಾಲ, ಹಗಲಿನ ಮಾರಾಟ, ಸಂಜೆಯ ತೀರುವಳಿ: ಈ ಚಕ್ರ ದಿನವೂ ಒಂದು ಸುತ್ತು ಸುತ್ತಲೇಬೇಕು. ಆ ಸುತ್ತಿನ ಮೊದಲ ಹೆಜ್ಜೆಗೆ ವ್ಯಾಪಾರಿಗಳು ಇಟ್ಟ ಹೆಸರು ಬೋಣಿ. ದಿನದ ಮೊದಲ ಗಿರಾಕಿ ಕೊಟ್ಟ ನೋಟನ್ನು ಕಣ್ಣಿಗೊತ್ತಿಕೊಂಡು, ತಕ್ಕಡಿಗೊಮ್ಮೆ ಮುಟ್ಟಿಸಿ, ಆಮೇಲೆ ಡಬ್ಬಿಗೆ ಹಾಕುತ್ತಾರೆ. ಬೋಣಿಯ ಹೊತ್ತಿನಲ್ಲಿ ಸಾಲ ಹೇಳಬಾರದು, ಬಹಳ ಚೌಕಾಸಿ ಮಾಡಬಾರದು ಎಂಬುದು ಗಿರಾಕಿಗಳಿಗೂ ಗೊತ್ತು. ಯಾವ ಪುರೋಹಿತರೂ ಹೇಳಿಕೊಡದ ಪೂಜೆ ಇದು. ಲಾಕ್‌ಡೌನಿನಲ್ಲಿ ದೇವಸ್ಥಾನದ ಬಾಗಿಲು ಮುಚ್ಚಿದ್ದನ್ನು ಎಲ್ಲರೂ ಗಮನಿಸಿದರು. ಬೋಣಿ ಎಂಬ ಈ ನಿತ್ಯಪೂಜೆಯೂ ಅಂದೇ ನಿಂತಿತು.

ಕಾಯಕದ ತತ್ತ್ವ ಇಲ್ಲಿ ನೇರವಾಗಿ ಪ್ರಸ್ತುತವಾಗುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರ ಹೆಸರಿಗೆ ಅವರ ಕಸುಬೇ ಅಂಟಿಕೊಂಡಿತ್ತು: ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ಸೌದೆ ಹೊರೆ ಮಾರಿದ ಮೋಳಿಗೆ ಮಾರಯ್ಯ, ಭತ್ತ ಕುಟ್ಟಿದ ಕೊಟ್ಟಣದ ಸೋಮವ್ವ. ಹಗ್ಗ ಹೊಸೆಯುವ ನುಲಿಯ ಚಂದಯ್ಯನ ಐತಿಹ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹುಲ್ಲು ಕೊಯ್ಯುತ್ತಿದ್ದಾಗ ಅವನ ಇಷ್ಟಲಿಂಗ ಜಾರಿ ನೀರಿಗೆ ಬಿತ್ತಂತೆ. ಅದನ್ನು ಎತ್ತಿಕೊಳ್ಳಲೆಂದು ಅವನು ಕೆಲಸ ನಿಲ್ಲಿಸಲಿಲ್ಲ. ಕೊನೆಗೆ ಲಿಂಗವೇ ಅವನ ಹಿಂದೆ ಬರಬೇಕಾಯಿತು. ಲಿಂಗಪೂಜೆ ಕಾದೀತು, ಕಾಯಕ ಕಾಯದು ಎಂಬುದು ಕಥೆಯ ತಿರುಳು.

ಕಾಯಕವನ್ನು ದುಡಿಮೆಯ ಹೊಗಳಿಕೆಯೆಂದಷ್ಟೇ ತಿಳಿದರೆ ಅದರ ಅರ್ಧ ಕೈಬಿಟ್ಟಂತೆ. ಅದರ ಇನ್ನರ್ಧ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಕಥೆಯಲ್ಲಿದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಅಂದಿನ ಅಗತ್ಯಕ್ಕೆ ಮೀರಿದ್ದು ಆಸೆಯ ಗುರುತೆಂದು ಲಕ್ಕಮ್ಮ ಮಿಕ್ಕ ಅಕ್ಕಿಯನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳಿದಳು. ಈ ಬಡ ದಂಪತಿಗೆ ನೆರವಾಗಲಿ ಎಂದು ಬಸವಣ್ಣನವರೇ ಹೆಚ್ಚು ಅಕ್ಕಿ ಸಿಗುವ ಹಾಗೆ ಮಾಡಿದ್ದರೆಂದು ಹೇಳುವವರೂ ಉಂಟು. ಹಾಗಿದ್ದರೆ ಲಕ್ಕಮ್ಮ ತಿರಸ್ಕರಿಸಿದ್ದು ಆಸೆಯನ್ನು ಮಾತ್ರವಲ್ಲ, ಕಾಯಕದ ವೇಷದಲ್ಲಿ ಬಂದ ದಾನವನ್ನೂ.

ಹೂವಿನ ಬುಟ್ಟಿಯ ಹೆಂಗಸು, ಸೊಪ್ಪಿನ ಗಾಡಿಯವನು ಈ ನೀತಿಯನ್ನು ಬೇರೆಯವರಿಗಿಂತ ಹೆಚ್ಚು ನಿಷ್ಠೆಯಿಂದ ಬದುಕುತ್ತಿರುವವರು. ಬಡತನ ಅವರ ಮೇಲೆ ಹೇರಿದ ನೀತಿಯಾದರೂ ಸರಿ, ಬದುಕುತ್ತಿರುವುದಂತೂ ನಿಜ. ಅಂದಂದಿನ ದುಡಿಮೆ ಅಂದಂದಿಗೆ. ಮಿಕ್ಕರೆ ಚೀಟಿಗೆ ಕಟ್ಟುವ ನೂರು ರೂಪಾಯಿ. ಆದರೆ ಲಕ್ಕಮ್ಮನ ನಿರಾಕರಣೆಯ ಕೆಳಗೆ, ಮಾತಿನಲ್ಲಿ ಬಾರದ ಒಂದು ಭರವಸೆ ಇದೆ: ನಾಳೆ ಬೆಳಗ್ಗೆ ಅಂಗಳ ತೆರೆದಿರುತ್ತದೆ, ಮಾರಯ್ಯ ಮತ್ತೆ ಹೋಗಬಹುದು. ಕೂಡಿಡದೆ ಬದುಕುವುದು ಸದ್ಗುಣವಾಗುವುದು ಆ ತೆರೆದ ಅಂಗಳದಿಂದಲೇ. ಅಂಗಳ ಮುಚ್ಚಿದ ದಿನ ಅದೇ ಗುಣ ಹಸಿವಿಗೆ ದಾರಿಯಾಗುತ್ತದೆ. ಕೂಡಿಟ್ಟವರು 21 ದಿನ ಕೂತು ಉಂಡರು; ಕೂಡಿಡದವರು ಮೂರನೆಯ ದಿನಕ್ಕೇ ಪರರ ಕೈ ನೋಡಬೇಕಾಯಿತು. ಲಕ್ಕಮ್ಮನ ಮಾತನ್ನು ಬಡವರಿಗೆ ಬೋಧಿಸುವವರು ಮೊದಲು ಆ ಅಂಗಳದ ಹೊಣೆ ಹೊರಬೇಕು.

ಬೀದಿಯೇ ಈ ಅಂಗಳ. ಬೀದಿಯಲ್ಲಿ ವ್ಯಾಪಾರ ಮಾಡುವುದು ಸಂವಿಧಾನದ 19ನೇ ವಿಧಿಯಡಿ ಸಿಗುವ ವೃತ್ತಿ ಸ್ವಾತಂತ್ರ್ಯದ ಭಾಗವೆಂದು, ಸಕಾರಣ ನಿರ್ಬಂಧಗಳಿಗೆ ಒಳಪಟ್ಟು, ಸುಪ್ರೀಂ ಕೋರ್ಟ್ 1989ರ ಸೋದನ್ ಸಿಂಗ್ ಪ್ರಕರಣದಲ್ಲಿ ಒಪ್ಪಿದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಐದು ವರ್ಷಕ್ಕೊಮ್ಮೆ ಸಮೀಕ್ಷೆ, ಗುರುತಿನ ಚೀಟಿ, ಪಟ್ಟಣ ವ್ಯಾಪಾರ ಸಮಿತಿಗಳನ್ನು ಕಡ್ಡಾಯ ಮಾಡಿತು. ಊರಿನ ಜನಸಂಖ್ಯೆಯ ಶೇ 2.5ರಷ್ಟು ವ್ಯಾಪಾರಿಗಳಿಗೆ ಜಾಗ ಒದಗಿಸುವ ಅಳತೆಯನ್ನೂ ಅದು ಕೊಟ್ಟಿದೆ. ಕೋಟಿ ಜನರ ಬೆಂಗಳೂರಿಗೆ ಅದು ಎರಡೂವರೆ ಲಕ್ಷವಾಗುತ್ತದೆ. 2017ರ ಸಮೀಕ್ಷೆ ಗುರುತಿಸಿದ್ದು ಸುಮಾರು 25 ಸಾವಿರ. ಪಟ್ಟಿಯಲ್ಲಿ ಹೆಸರಿಲ್ಲದವರ ಕಾಯಕ ನಿಂತದ್ದನ್ನು ಬರೆದಿಡುವ ಕಡತವೂ ಇರಲಿಲ್ಲ.

ಲಾಕ್‌ಡೌನ್ ತಪ್ಪೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಸುಲಭದ ಉತ್ತರವಿಲ್ಲ. ಔಷಧಿ ಗೊತ್ತಿಲ್ಲದ, ಉಸಿರಿನಿಂದ ಹರಡುವ ರೋಗದ ಮುಂದೆ ಗುಂಪು ಚದುರಿಸುವುದು ಧರ್ಮಗ್ರಂಥಗಳೂ ಬಲ್ಲ ಉಪಾಯ. ಸೋಂಕು ಬಿದ್ದ ಊರಿಗೆ ಹೋಗಬಾರದು, ಅಲ್ಲಿಂದ ಹೊರಗೂ ಬರಬಾರದು ಎಂಬ ಪ್ರವಾದಿಯವರ ಸೂಚನೆ ಹದೀಸಿನಲ್ಲಿದೆ. ಸಿರಿಯಾದತ್ತ ಹೊರಟಿದ್ದ ಖಲೀಫ ಉಮರ್ ಪ್ಲೇಗಿನ ಸುದ್ದಿ ಕೇಳಿ ದಾರಿಯಲ್ಲೇ ಹಿಂದಿರುಗಿದರು. ಕನ್ನಡನಾಡಿನ ಹಿರಿಯರ ನೆನಪಿನಲ್ಲಿ ಪ್ಲೇಗ್ ಎಂದರೆ ಊರು ಬಿಡುವುದು, ಹೊಲದಲ್ಲಿ ಗುಡಿಸಲು ಹಾಕುವುದು. 1898ರಲ್ಲಿ ಬೆಂಗಳೂರಿಗೆ ಬಡಿದ ಪ್ಲೇಗಿನ ನಂತರವೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಪ್ಲೇಗಮ್ಮನ ಗುಡಿಗಳು ಇಂದಿಗೂ ಇವೆ. ಆದರೆ ಊರು ಬಿಟ್ಟಾಗ ಒಕ್ಕಲು, ಕಸುಬು ಎಲ್ಲವೂ ಒಟ್ಟಿಗೆ ಬಿಡುತ್ತಿದ್ದವು. ಕಷ್ಟ ಸರಿಸಮವಲ್ಲದಿದ್ದರೂ ಎಲ್ಲರ ಬಾಗಿಲಿಗೂ ಬರುತ್ತಿತ್ತು. 2020ರಲ್ಲಿ ಕೆಲವರ ಮನೆಯೇ ಕಚೇರಿಯಾಯಿತು, ಕೆಲವರಿಗೆ ಬೀದಿಯೊಂದೇ ಇದ್ದ ಅಂಗಡಿ ಇಲ್ಲವಾಯಿತು. ಕ್ಷೇಮ ಎಲ್ಲರದು, ಅದರ ಬೆಲೆ ಕೆಲವರದು. ಧರ್ಮದ ಪ್ರಶ್ನೆ ಹುಟ್ಟುವುದು ಈ ಅಸಮತೆಯಲ್ಲಿ. ಆಜ್ಞೆ ಅನಿವಾರ್ಯವಾಗಿತ್ತೆಂದು ಒಪ್ಪಿದರೂ ಆ ಪ್ರಶ್ನೆ ಕರಗುವುದಿಲ್ಲ.

ಆಜ್ಞೆಯ ಭಾಷೆಯಲ್ಲಿದ್ದ ‘ಅಗತ್ಯ’ ಎಂಬ ಪದ ಇನ್ನೊಂದು ತೊಡಕು. ಹಾಲು, ತರಕಾರಿ, ದಿನಸಿ, ಔಷಧಿ ಅಗತ್ಯ. ಹೂ, ಕ್ಷೌರ, ಹೊಲಿಗೆ, ಚಪ್ಪಲಿ ರಿಪೇರಿ, ಬಳೆ ಅಗತ್ಯವಲ್ಲ. ಕೊಳ್ಳುವವರ ಕಡೆಯಿಂದ ನೋಡಿದರೆ ಈ ವಿಂಗಡಣೆ ಸರಿಯೇ, ಮೂರು ವಾರ ಬಳೆಯಿಲ್ಲದೆ ಇರಬಹುದು. ಆದರೆ ಬಳೆ ಮಾರುವವಳಿಗೆ ಬಳೆಯೇ ಅಕ್ಕಿ. ಯಾವ ಕಾಯಕವೂ ಮೇಲಲ್ಲ, ಯಾವುದೂ ಕೀಳಲ್ಲ ಎಂದು ಶರಣರು ಹೇಳಿದ್ದು ವಸ್ತುವಿನ ಉಪಯೋಗವನ್ನು ತೂಗಿ ಅಲ್ಲ, ಮಾಡುವವರ ನಿಷ್ಠೆಯನ್ನು ನೋಡಿ. ಸರ್ಕಾರದ ಪಟ್ಟಿ ಬಳಕೆದಾರರ ಕಣ್ಣಿನಿಂದ ಬರೆದದ್ದು, ಕಾಯಕಜೀವಿಗೆ ಅಲ್ಲಿ ಕಣ್ಣಿರಲಿಲ್ಲ. ಬಾಗಿಲು ತೆರೆದ ಕ್ರಮವೂ ಇದನ್ನೇ ಹೇಳುತ್ತದೆ. ರಾಜ್ಯದಲ್ಲಿ ಮದ್ಯದಂಗಡಿಗಳು 2020ರ ಮೇ 4ರಂದು ತೆರೆದವು, ಕ್ಷೌರದಂಗಡಿಗಳು ಮೇ 19ರಂದು, ದೇವಸ್ಥಾನ ಮತ್ತು ಹೋಟೆಲುಗಳು ಜೂನ್ 8ರಂದು. ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆ ತೆರೆಯಲು ಸೆಪ್ಟೆಂಬರ್ ಬರಬೇಕಾಯಿತು. ಖಜಾನೆಗೆ ತೆರಿಗೆ ತರುವ ಬಾಗಿಲು ಮೊದಲು ತೆರೆಯಿತು. ಆ ನಡುವೆ ಏಪ್ರಿಲ್ 26ರಂದು ಬಸವ ಜಯಂತಿ ಬಂದು ಹೋಗಿತ್ತು. ಮರುವರ್ಷ ಮೇ 14ರಂದು ಬಂದ ಬಸವ ಜಯಂತಿಯಲ್ಲೂ ರಾಜ್ಯದ ಅಂಗಡಿಗಳು ಬಾಗಿಲು ಹಾಕಿದ್ದವು. ಕಾಯಕ ತತ್ತ್ವದ ಪ್ರವರ್ತಕನ ಜಯಂತಿ ಎರಡು ವರ್ಷವೂ ಕಾಯಕ ನಿಂತ ಬೀದಿಗಳ ನಡುವೆ ಆಚರಣೆಯಾಯಿತು.

ಜಾತ್ರೆಗಳನ್ನೇ ನಂಬಿದ ವ್ಯಾಪಾರದ ಗತಿ ಇನ್ನೂ ಕಠಿಣ. ತೇರು ಎಳೆಯುವುದು ದೇವರ ಕೆಲಸವೆನ್ನಿಸಿದರೂ ಬೆಂಡು-ಬತ್ತಾಸು, ಬಲೂನು, ಬಳೆ, ಕಡಲೆಪುರಿಯವರ ಊಟ ಆ ತೇರಿನ ಹಗ್ಗಕ್ಕೇ ಕಟ್ಟಿರುತ್ತದೆ. 2020ರ ಏಪ್ರಿಲ್‌ನಲ್ಲಿ ಬೆಂಗಳೂರು ಕರಗ ಕೆಲವೇ ಜನರ ನಡುವೆ ಮುಗಿಯಿತು. ಆ ವರ್ಷದ ಮೈಸೂರು ದಸರಾದ ಜಂಬೂಸವಾರಿ ಅರಮನೆ ಆವರಣದೊಳಗೇ ಉಳಿಯಿತು. ಬಸವನಗುಡಿಯ ಕಡಲೆಕಾಯಿ ಪರಿಷೆ ಎಂದಿನ ಜನಜಾತ್ರೆಯಾಗಿ ನಡೆಯಲಿಲ್ಲ. ದೇವರಿಗೆ ಪೂಜೆ ಸಲ್ಲಿತು, ಶಾಸ್ತ್ರ ತಪ್ಪಲಿಲ್ಲ. ಆದರೆ ಹಬ್ಬವೆಂದರೆ ಗರ್ಭಗುಡಿ ಮಾತ್ರವೇ, ಅಥವಾ ಗುಡಿಯ ಮುಂದಿನ ಹಣ್ಣುಕಾಯಿ ಅಂಗಡಿಯೂ ಸೇರಿಯೇ? ದೇವಸ್ಥಾನದ ಉತ್ಸವಗಳು ವರ್ಷವಿಡೀ ಇವರನ್ನು ಸಾಕಿದ್ದವು. ಅಂಗಡಿಯಿಲ್ಲದ ಉತ್ಸವವನ್ನು ಪೂರ್ಣವೆನ್ನಲು ಮನಸ್ಸು ಒಪ್ಪುವುದಿಲ್ಲ.

ಮುಟ್ಟುವುದರ ಭಯ ಬೇರೆ ರೂಪವನ್ನೂ ತಾಳಿತು. 2020ರ ಏಪ್ರಿಲ್‌ನಲ್ಲಿ ದೆಹಲಿಯ ತಬ್ಲೀಗಿ ಜಮಾತ್ ಸಮಾವೇಶದ ಸುದ್ದಿಯ ಬೆನ್ನಿಗೆ ಮುಸ್ಲಿಂ ತರಕಾರಿ, ಹಣ್ಣಿನ ವ್ಯಾಪಾರಿಗಳಿಂದ ಕೊಳ್ಳಬೇಡಿ ಎಂಬ ವದಂತಿಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ಒಂದು ಸಮುದಾಯವನ್ನೇ ದೂಷಿಸಿದರೆ ಕ್ರಮ ಕೈಗೊಳ್ಳುವುದಾಗಿ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಎಚ್ಚರಿಸಬೇಕಾಯಿತು. ಅದೇ ತಿಂಗಳ ಕೊನೆಗೆ ರಂಜಾನ್ ಆರಂಭವಾಯಿತು, ಬೆಂಗಳೂರಿನ ಮಸೀದಿ ರಸ್ತೆಯ ಸಂಜೆಯ ತಿಂಡಿ ಅಂಗಡಿಗಳಿಗೆ ವರ್ಷದ ದುಡಿಮೆಯ ತಿಂಗಳು ಅದು. ಅವರಿಗೆ ಬಾಗಿಲು ಮುಚ್ಚಿದ ನಷ್ಟದ ಮೇಲೆ ಅನುಮಾನದ ಭಾರವೂ ಬಿತ್ತು. ರೋಗ ತಗಲಬಾರದೆಂದು ಆರು ಅಡಿ ದೂರ ನಿಲ್ಲುವುದು ವಿವೇಕ. ಆ ಆರು ಅಡಿಯನ್ನು ಒಬ್ಬರ ಹೆಸರು ಕೇಳಿ ಅಳೆದರೆ ಅದು ಹಳೆಯ ಅಸ್ಪೃಶ್ಯತೆಯೇ. ಶರಣರು ಮುರಿಯಹೊರಟದ್ದು ಇದನ್ನೇ.

ಹಸಿವು ತಡೆಯದೆ ಕೆಲವರು ಆಜ್ಞೆ ಮೀರಿದರು. ಗಲ್ಲಿಗಳಲ್ಲಿ ಗಾಡಿ ತಳ್ಳಿದರು, ಅರ್ಧ ಇಳಿಸಿದ ಶಟರಿನ ಕೆಳಗಿಂದ ಟೀ ಕೊಟ್ಟರು. ಗಾಡಿಗಳು ಉರುಳಿದವು, ಲಾಠಿಗಳು ಬೀಸಿದವು, ಸರ್ಕಾರಿ ಆಜ್ಞೆ ಉಲ್ಲಂಘಿಸಿದ ಪ್ರಕರಣಗಳು ದಾಖಲಾದವು. ಇಂಥ ಮೀರುವಿಕೆಯನ್ನು ಅಳೆಯಲು ಮಹಾಭಾರತದ ಶಾಂತಿಪರ್ವದಲ್ಲಿ ಆಪದ್ಧರ್ಮ ಎಂಬ ಭಾಗವೇ ಇದೆ. ಹನ್ನೆರಡು ವರ್ಷದ ಬರದಲ್ಲಿ ವಿಶ್ವಾಮಿತ್ರ ಚಂಡಾಲನ ಗುಡಿಸಲಿನಿಂದ ನಾಯಿಯ ಮಾಂಸ ತೆಗೆದುಕೊಳ್ಳಹೋಗುತ್ತಾನೆ. ಚಂಡಾಲ ಧರ್ಮದ ಹೆಸರಿನಲ್ಲಿ ತಡೆಯುತ್ತಾನೆ. ಬದುಕಿದ್ದರೆ ತಾನೇ ಧರ್ಮ ಆಚರಿಸಲು ಸಾಧ್ಯ ಎಂಬುದು ಋಷಿಯ ವಾದ. ಲಾಕ್‌ಡೌನ್ ಸ್ವತಃ ರಾಜ್ಯದ ಆಪದ್ಧರ್ಮ: ವಿಪತ್ತು ನಿರ್ವಹಣಾ ಕಾಯ್ದೆ, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಮೂಲಿ ದಿನಗಳಲ್ಲಿ ಸಲ್ಲದ ಅಧಿಕಾರವನ್ನು ರಾಜ್ಯಕ್ಕೆ ಕೊಡುತ್ತವೆ. ಆಪತ್ತಿನ ಹೆಸರಿನಲ್ಲಿ ತಾನು ಮಾಮೂಲಿ ನಿಯಮ ಮೀರುವ ರಾಜ್ಯ, ಅದೇ ಆಪತ್ತಿನಲ್ಲಿ ಮಗುವಿನ ಹಾಲಿಗಾಗಿ ಗಾಡಿ ತಳ್ಳಿದವನ ಮೀರುವಿಕೆಯನ್ನು ಅಪರಾಧವೆಂದು ಮಾತ್ರ ನೋಡುವುದು ನ್ಯಾಯವಲ್ಲ. ಇಬ್ಬರಿಗೂ ಒಂದೇ ಅಳತೆಗೋಲು ಇರಬೇಕು. ಬರಗಾಲ ಬಂದಾಗ ಬೀಜ, ಆಹಾರ ಕೊಟ್ಟು ಪ್ರಜೆಗಳನ್ನು ಹಿಡಿದೆತ್ತಬೇಕೆಂದು ಅರ್ಥಶಾಸ್ತ್ರ ರಾಜನಿಗೆ ವಿಧಿಸುತ್ತದೆ. ಅಲ್ಲಿ ಆ ಕೆಲಸ ಕರುಣೆಯಲ್ಲ, ಆಳುವವರ ಕರ್ತವ್ಯ.

ಈ ಕರ್ತವ್ಯ 2020-21ರಲ್ಲಿ ಯಾವ ರೂಪದಲ್ಲಿ ಬಂತು ಎಂಬುದರಲ್ಲಿ ಮೂಲ ಪ್ರಶ್ನೆಯ ಉತ್ತರ ಅಡಗಿದೆ. ಕೊಡುಗೆ ಮೂರು ಬಗೆ. ದಾನದಲ್ಲಿ ಕೊಡುವವರ ಇಚ್ಛೆ ದೊಡ್ಡದು, ಪಡೆಯುವವರು ಕೃತಜ್ಞರಾಗಿರಬೇಕು. ಸಾಲದಲ್ಲಿ ಪಡೆದವರೇ ಬಾಧ್ಯಸ್ಥರು. ಋಣ ತೀರಿಸುವಾಗ ಮಾತ್ರ ಬಾಧ್ಯತೆ ಕೊಡುವವರ ಮೇಲಿರುತ್ತದೆ, ಪಡೆಯುವವರು ತಲೆ ತಗ್ಗಿಸಬೇಕಿಲ್ಲ. ಮನುಷ್ಯ ಹುಟ್ಟುವಾಗಲೇ ಋಷಿ, ದೇವ, ಪಿತೃಗಳಿಗೆ ಋಣಿ ಎಂದು ವೇದ ಹೇಳುತ್ತದೆ. ಶತಪಥ ಬ್ರಾಹ್ಮಣ ಇದಕ್ಕೆ ನಾಲ್ಕನೆಯದೊಂದನ್ನು ಸೇರಿಸುತ್ತದೆ: ಮನುಷ್ಯರ ಋಣ, ಆಶ್ರಯ ಮತ್ತು ಅನ್ನ ಕೊಟ್ಟು ತೀರಿಸಬೇಕಾದದ್ದು. ಶರಣರ ದಾಸೋಹದಲ್ಲಂತೂ ಕೊಡುವವನೇ ದಾಸ, ಕೊಟ್ಟೆನೆಂಬ ಹಮ್ಮಿಗೆ ಅಲ್ಲಿ ಜಾಗವಿಲ್ಲ. ಮನೆಯೊಳಗೆ ಕ್ಷೇಮವಾಗಿದ್ದವರು ಬೀದಿಯಿಂದ ಎದ್ದುಹೋದವರಿಗೆ ಋಣಿಗಳು. ಅವರು ಎದ್ದುಹೋದದ್ದರಿಂದಲೇ ಇವರ ಕ್ಷೇಮಕ್ಕೆ ಬಲ ಬಂತು.

ರಾಜ್ಯ ಸರ್ಕಾರ 2020ರ ಮೇ 6ರಂದು 1,610 ಕೋಟಿ ರೂಪಾಯಿಯ ಪರಿಹಾರ ಘೋಷಿಸಿತು. ಅದರಲ್ಲಿ ಸುಮಾರು 60 ಸಾವಿರ ಮಡಿವಾಳರಿಗೆ, 2.30 ಲಕ್ಷ ಕ್ಷೌರಿಕರಿಗೆ ತಲಾ 5,000 ರೂಪಾಯಿ. ಆಟೋ, ಟ್ಯಾಕ್ಸಿ ಚಾಲಕರಿಗೂ ಅಷ್ಟೇ. ಎರಡನೆಯ ಅಲೆಯಲ್ಲಿ, 2021ರ ಮೇ 19ರಂದು, 1,250 ಕೋಟಿಯ ಇನ್ನೊಂದು ಘೋಷಣೆ ಬಂತು, ನೋಂದಾಯಿತ 2.20 ಲಕ್ಷ ಬೀದಿ ವ್ಯಾಪಾರಿಗಳಿಗೆ ತಲಾ 2,000, ಕ್ಷೌರಿಕರು, ಮಡಿವಾಳರು, ದರ್ಜಿಗಳು, ಹಮಾಲರು, ಚಿಂದಿ ಆಯುವವರು, ಕುಂಬಾರರು, ಚಮ್ಮಾರರಿಗೂ ಅಷ್ಟೇ. ಕಲ್ಯಾಣದ ಶರಣರ ಹೆಸರಿನ ಜೊತೆಗಿದ್ದ ಕಸುಬುಗಳಲ್ಲಿ ಹಲವು ಎಂಟುನೂರು ವರ್ಷಗಳ ನಂತರ ಪರಿಹಾರದ ಪಟ್ಟಿಯಲ್ಲಿ ಸಾಲಾಗಿ ಕಾಣುತ್ತವೆ. ಪಟ್ಟಿ ಹಾಕಿದ್ದೇ ದೊಡ್ಡದು, ಈ ಕಸುಬುಗಳಿಗೆ ಹೆಸರು ಸಿಕ್ಕಿತು. ಮೊತ್ತ ಮಾತ್ರ ಬೇರೆ ಮಾತು. ಬೆಂಗಳೂರಿನಲ್ಲಿ ಏಪ್ರಿಲ್ 27ರ ರಾತ್ರಿಯಿಂದ ಜೂನ್ 14ರವರೆಗೆ ಅಂಗಡಿ ಮುಚ್ಚಿದ ಒಬ್ಬ ದರ್ಜಿಗೆ 2,000 ರೂಪಾಯಿ ಎಂದರೆ ದಿನಕ್ಕೆ 42 ರೂಪಾಯಿ. ತಳ್ಳುಗಾಡಿಯ ತರಕಾರಿ, ಹಣ್ಣಿಗೆ ಆಗ ಬೆಳಗ್ಗೆ 6ರಿಂದ ಸಂಜೆ 6ರವರೆಗೆ ಅವಕಾಶವಿತ್ತು. ಮೊದಲ ಲಾಕ್‌ಡೌನಿನ ಪಾಠ ಅಷ್ಟರ ಮಟ್ಟಿಗೆ ಫಲಿಸಿತ್ತು.

ಕೇಂದ್ರದ ಮುಖ್ಯ ನೆರವು ಬಂದದ್ದು ಸಾಲದ ರೂಪದಲ್ಲಿ. 2020ರ ಜೂನ್ 1ರಂದು ಆರಂಭವಾದ ಪಿಎಂ ಸ್ವನಿಧಿ ಯೋಜನೆ 50 ಲಕ್ಷ ಬೀದಿ ವ್ಯಾಪಾರಿಗಳಿಗೆ ಅಡಮಾನವಿಲ್ಲದೆ 10,000 ರೂಪಾಯಿ ಕೊಡುವ ಗುರಿ ಇಟ್ಟುಕೊಂಡಿತು. ಒಂದು ವರ್ಷದಲ್ಲಿ ಕಂತುಗಳಲ್ಲಿ ತೀರಿಸಬೇಕು. ಸರಿಯಾಗಿ ಕಟ್ಟಿದರೆ ಶೇ 7ರ ಬಡ್ಡಿ ಸಹಾಯಧನ, ಆಮೇಲೆ 20,000, ಅದರ ಮೇಲೆ 50,000. ದಿನಬಡ್ಡಿಯ ಲೇವಾದೇವಿಗಾರರಿಂದ ಬ್ಯಾಂಕಿನ ಖಾತೆಗೆ ಬಂದದ್ದು ನಿಜವಾದ ಬಿಡುಗಡೆ, ಅದನ್ನು ಕಡೆಗಣಿಸಲಾಗದು. ಹಾಗಿದ್ದರೂ ಲೆಕ್ಕದ ದಿಕ್ಕನ್ನು ನೋಡಬೇಕು. ಎಲ್ಲರ ಕ್ಷೇಮಕ್ಕಾಗಿ ಬುಟ್ಟಿಯ ಹೂವನ್ನು ಬಾಡಲು ಬಿಟ್ಟವಳು ಲೆಕ್ಕದ ಪುಸ್ತಕದಲ್ಲಿ ಸಾಲಗಾರಳಾದಳು, ಅವಳ ತ್ಯಾಗದಿಂದ ಉಳಿದವರು ಸಾಲ ಕೊಟ್ಟವರಾದರು. ಹಳೆಯ ಸಾಲಗಳಿಗೂ ಇದೇ ಆಯಿತು. ರಿಸರ್ವ್ ಬ್ಯಾಂಕ್ 2020ರ ಮಾರ್ಚಿನಿಂದ ಆಗಸ್ಟ್ 31ರವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು, ಬಡ್ಡಿಯ ಓಟವನ್ನು ನಿಲ್ಲಿಸಲಿಲ್ಲ. ಅಂಗಡಿ ನಿಂತಿತು, ಗಿರಾಕಿ ನಿಂತ, ಬಡ್ಡಿ ನಡೆಯಿತು. ಇಸ್ಲಾಮಿನಲ್ಲಿ ಜಕಾತ್ ಪಡೆಯಲು ಅರ್ಹವಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಒಂದು ವರ್ಗ. ಅಂಥವರಿಗೆ ಇನ್ನೊಂದು ಸಾಲ ಕೊಡಬೇಕೆಂದಲ್ಲ, ಸಾಲದಿಂದಲೇ ಬಿಡಿಸಬೇಕೆಂಬುದು ಅಲ್ಲಿನ ವಿಧಿ.

ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳ ವಿಚಾರ ಸ್ವಲ್ಪ ಬೇರೆ. ಅವಕ್ಕೆ ನೋಂದಣಿಯಿತ್ತು, ಸಂಘಟನೆಯಿತ್ತು, ವಿದ್ಯುತ್ತಿನ ನಿಗದಿತ ಶುಲ್ಕದಲ್ಲಿ ಎರಡು ತಿಂಗಳ ವಿನಾಯಿತಿಯೂ ಸಿಕ್ಕಿತು. ಆದರೂ ಜಾಬ್ ವರ್ಕ್ ಮಾಡುವ ನಾಲ್ಕಾರು ಜನರ ಶೆಡ್ಡಿನ ಮಾಲೀಕನದೂ ತಳ್ಳುಗಾಡಿಯವನ ಕಥೆಯೇ: ಬಾಡಿಗೆ, ಬಡ್ಡಿ, ಹಿಂದಿರುಗದ ಕಾರ್ಮಿಕರು.

ಸ್ವನಿಧಿ ಲಾಕ್‌ಡೌನಿನ ತುರ್ತಿಗೆಂದು ಹುಟ್ಟಿದ ಯೋಜನೆ. 2025ರಲ್ಲಿ ಕೇಂದ್ರ ಸಂಪುಟ ಅದನ್ನು 2030ರ ಮಾರ್ಚ್ 31ರವರೆಗೆ ವಿಸ್ತರಿಸಿತು, ಮೊದಲ ಸಾಲವನ್ನು 15,000ಕ್ಕೆ, ಎರಡನೆಯದನ್ನು 25,000ಕ್ಕೆ ಏರಿಸಿತು. ಕೃಷ್ಣರಾಜೇಂದ್ರ ಮಾರುಕಟ್ಟೆಯ ಮೆಟ್ಟಿಲುಗಳ ಮೇಲೆ ನಸುಕಿನ ಹೊತ್ತು ಮತ್ತೆ ಬುಟ್ಟಿಗಳು ಸಾಲಾಗಿ ಕೂರುತ್ತವೆ. ಮೊದಲ ಮೊಳಕ್ಕೆ ಬಂದ ನೋಟು ಕಣ್ಣಿಗೆ ತಾಗಿ ಡಬ್ಬಿ ಸೇರುತ್ತದೆ. ಆ ಡಬ್ಬಿಯ ಒಂದು ಪಾಲು ಬ್ಯಾಂಕಿನ ಕಂತಿಗೆ.